ಅಳಿಯನ ಹಣೆ, ಓಣಿಯ ನಿಯಮ

ಕಮರಿಪೇಟೆಯ ದತ್ತು ಅವರ ಮನೆಯ ಮುಂಬಾಗಿಲು ಐದೂವರೆ ಅಡಿ ಎತ್ತರ. ದತ್ತು ಐದು ಅಡಿ ನಾಲ್ಕು ಇಂಚು, ಅವರಿಗೆ ತೊಂದರೆಯಿರಲಿಲ್ಲ. ಹೊಸ ಅಳಿಯ ಸಂಕೇತ ಮಾತ್ರ ಆರು ಅಡಿ. ಮದುವೆಯಾದ ಮೇಲೆ ಎರಡು ಸಲ ಬಂದವನು ಎರಡೂ ಸಲ ಅಳಿಯತನದ ಗತ್ತಿನಲ್ಲಿ ನೆಟ್ಟಗೆ ನಡೆದು ಹಣೆ ಬಡಿಸಿಕೊಂಡಿದ್ದ. ಮತ್ತೆ ಊಟಕ್ಕೆ ಕರೆದಾಗ ಮಗಳು ಋತುಜಾ ನವನಗರದಿಂದ ಫೋನಿನಲ್ಲಿ ಖಡಾಖಂಡಿತ ಹೇಳಿದಳು: “ಅಪ್ಪಾ, ಇನ್ನೊಂದ ಸಲ ಹೊಡೀತಂದ್ರ ಇವ್ರು ನಿಮ್ಮ ಹೊಸ್ತಿಲಾ ತುಳಿಯೂದಿಲ್ಲಂತ.”

ಊಟದ ದಿನ ಬೆಳಿಗ್ಗೆಯೇ ದತ್ತು ಬಾಗಿಲು ಎತ್ತರಿಸಲು ಗಾರೆ ಕೆಲಸದ ಗೌಂಡಿ ಗೌಸಮೊದ್ದೀನನನ್ನು ಕರೆಸಿದರು. ಅವನು ಸುತ್ತಿಗೆ ಎತ್ತಿದ್ದೇ ತಡ, ಎದುರುಮನೆಯ ಲಕ್ಷ್ಮೀಬಾಯಿ ಕುಕ್ಕರಿನ ಸೀಟಿಯಂತೆ ಕೂಗಿದರು: “ಏ ದತ್ತೂ! ಚೌಕಟ್ಟಿಗೆ ಕೈ ಹಚ್ಚೀದಿ ಅಂದ್ರ ನೋಡು!”

ಹಳೆಯ ಮನೆಗಳ ಚಹರೆ ಕೆಡಬಾರದೆಂದು ಓಣಿಯವರೇ ಒಂದು ಸಮಿತಿ ಮಾಡಿಕೊಂಡಿದ್ದರು. ಬೀದಿಗೆ ಕಾಣುವ ಬಾಗಿಲು, ಕಿಟಕಿ, ಕಟ್ಟೆ ಯಾವುದರ ಅಳತೆಯನ್ನೂ ಬದಲಿಸುವಂತಿಲ್ಲ. ಈ ನಿಯಮಕ್ಕೆ ಮೊದಲು ಚಪ್ಪಾಳೆ ತಟ್ಟಿದವರು ದತ್ತು. ಆಗ ಮಗಳ ಮದುವೆ ಆಗಿರಲಿಲ್ಲ.

ಸಮಿತಿಯ ಅಧ್ಯಕ್ಷ ಗುರುಸಿದ್ದಯ್ಯ ಟೇಪು ಹಿಡಿದು ಬಂದರು.

“ಒಂದಡಿ ಏರಸ್ತೇನ್ರಿ, ಅಷ್ಟ,” ದತ್ತು ಬೇಡಿಕೊಂಡರು.

“ಏರಸಾಕ ಬರಂಗಿಲ್ರಿ. ನಿಮ್ಮ ಅಳಿಯಾರಿಗೆ ಬಗ್ಗಾಕ ಹೇಳ್ರಿ.”

“ಅಳಿಯಾಗ ಬಗ್ಗು ಅಂತ ಹೆಂಗ ಹೇಳ್ಲಿ? ನೀವಾದ್ರ ಹೇಳ್ತಿದ್ರೇನ್ರಿ?”

ಗುರುಸಿದ್ದಯ್ಯನವರಿಗೂ ಅಳಿಯಂದಿರಿದ್ದರು. ಅವರು ಟೇಪು ಸುತ್ತಿಕೊಂಡರು.

ಕೊನೆಗೆ ಲಕ್ಷ್ಮೀಬಾಯಿಯೇ ದಾರಿ ತೋರಿಸಿದರು. ಖಣದ ಬಟ್ಟೆಯೊಳಗೆ ಹತ್ತಿ ತುಂಬಿ ತೋರಣ ಹೊಲಿದು ಚೌಕಟ್ಟಿನ ಮೇಲಿನ ಪಟ್ಟಿಗೆ ಕಟ್ಟುವುದು. “ತೋರಣಾ ಕಟ್ಟಬ್ಯಾಡ ಅಂತ ನಿಮ್ಮ ನಿಯಮದಾಗ ಎಲ್ಲೆದ?”

ಎಲ್ಲೂ ಇರಲಿಲ್ಲ. ಆಕೆ ಹೊಲಿಯಲು ಕುಳಿತರು. ಗುರುಸಿದ್ದಯ್ಯ ತಾವೇ ಎಣ್ಣೆಬಟ್ಟೆ ಹಿಡಿದು ಚೌಕಟ್ಟು ಒರೆಸಿದರು. ಒಡೆಯಲು ಬಂದ ಗೌಸಮೊದ್ದೀನ ಕೆತ್ತನೆಯ ಸಂದಿಯೊಳಗಿನ ಸುಣ್ಣವನ್ನು ಕಿವಿ ತೊಳೆದಷ್ಟು ನಾಜೂಕಾಗಿ ಕೆರೆದ. ಮಧ್ಯಾಹ್ನದೊಳಗೆ ಸಾಗವಾನಿಯ ಬಳ್ಳಿ, ಮಾವು, ಗಿಳಿಗಳು ಬೆಳಕು ಕಂಡವು. ಒಂದು ಗಿಳಿಯಂತೆ ಇನ್ನೊಂದಿರಲಿಲ್ಲ. ಒಂದು ಹಣ್ಣು ತಿನ್ನುತ್ತಿತ್ತು, ಪಕ್ಕದ್ದು ಹೊಟ್ಟೆಕಿಚ್ಚು ಪಡುತ್ತಿತ್ತು. ಹುಟ್ಟಿದಾಗಿನಿಂದ ಅದೇ ಬಾಗಿಲಲ್ಲಿ ಓಡಾಡಿದ್ದ ದತ್ತು ಮೊದಲ ಸಲ ಅದನ್ನು ನೋಡಿದರು.

“ಇದನ್ನ ಒಡಸಲಿಕ್ಕೆ ಹೊಂಟಿದ್ನಲ್ಲೋ ಗೌಸೂ!”

ಋತುಜಾಳ ಜೊತೆ ಸಂಕೇತ ಬಂದ. ಓಣಿ ಉಸಿರು ಹಿಡಿಯಿತು. ಹಣೆ ತೋರಣಕ್ಕೆ ತಾಗಿ, ತಲೆದಿಂಬಿನ ಮೇಲಿಟ್ಟಂತೆ ಮೆತ್ತಗೆ ನಿಂತಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲನ್ನು ನೋಡಿದ. ನೋಡುತ್ತಲೇ ಇದ್ದ.

“ಮಾವಾರ, ಏನ್ ಛಲೋ ಕೆತ್ತನಿ ಅದರೀ! ನವನಗರದ ನಮ್ಮ ಹೊಸ ಮನಿಗೆ ಇಂಥಾದ್ದ ಬಾಗಲಾ ಮಾಡಸ್ತೇನಿ.”

ದತ್ತು ಹಿಗ್ಗಿದರು. “ಮಾಡಸ್ರಿ! ಒಂದಡಿ ಎತ್ತರಾ ಇರ್ಲಿ.”

“ಛೇ ಛೇ!” ಗುರುಸಿದ್ದಯ್ಯ ಟೇಪು ಬಿಚ್ಚಿದರು. “ಒಂದಿಂಚ ಏರಿಸಿದ್ರೂ ಬಳ್ಳಿ ಜಗ್ಗಿದಂಗ ಕಾಣ್ತೈತಿ. ಅಳತಿ ಬರಕೋರಿ ಅಳಿಯಾರ.”

“ಖರೇ ಅದರಿ, ಇದ್ದಷ್ಟ ಇರ್ಲಿ,” ಸಂಕೇತ ಬರೆದುಕೊಂಡ. “ಆದ್ರ ಈ ತೋರಣಾ ಬ್ಯಾಡ್ರಿ. ಕೆತ್ತನಿ ಮುಚ್ಚತದ.”

ಋತುಜಾ ತಂದೆಯ ತೋಳು ಹಿಡಿದು ಅಡುಗೆಮನೆಗೆ ಎಳೆದಳು.

“ಅಪ್ಪಾ, ಇಷ್ಟ ದಿನಾ ನಿಮ್ಮನಿಗೆ ಬಂದಾಗಷ್ಟ ಹೊಡೀತಿತ್ತು. ಇನ್ನ ನಮ್ಮನ್ಯಾಗ ದಿನಾ ಹೊಡೀತದ. ಹೊಡದಾಗೊಮ್ಮೆ ಇವ್ರು ಯಾರ ಹೆಸರ ತಗೊಂಡ ಬೈತಾರ, ಹೇಳು?”