ಗಾಯಕಿಯ ಹಣೆಗೆ ಕುಂಕುಮ

ಒಂದು ಚಿತ್ರವನ್ನು ಒಂದು ದಿನ ಜೋಪಾನ ಮಾಡುವುದು ಮಹಾ ಕೆಲಸವೇ? ಅದು ಓಡಿಹೋಗುವುದಿಲ್ಲ, ಊಟ ಕೇಳುವುದಿಲ್ಲ. ಕೆಳಗಿನ ಮನೆಯ ಸಲ್ಮಾ ಆಂಟಿ ಕೇಳಿದ ಕೂಡಲೇ ಎದೆ ತಟ್ಟಿ ಒಪ್ಪಿಕೊಂಡೆ.

ಆಂಟಿ ಕೈರೋದವರು, ನಾವಿರುವ ನೆದರ್‌ಲ್ಯಾಂಡ್ಸಿನ ನೈಮೆಗನ್ನಿನಲ್ಲಿ ಚಿತ್ರ ಬರೆಯುತ್ತಾರೆ. ಅವರ ನಡಿಗೆ, ಕೆಮ್ಮು, ನಮ್ಮ ಮ್ಯಾನೇಜರ್ ದನಿ ಎಲ್ಲವನ್ನೂ ಅವರೆದುರೇ ಅಣಕಿಸಿ ನಗಿಸುವ ಘನಕಾರ್ಯ ನನ್ನದು. ಅರಬ್ಬರೆಲ್ಲ ಇಂದಿಗೂ ಜೀವ ಬಿಡುವ ಗಾಯಕಿಯೊಬ್ಬರನ್ನು ಅವರು ಬಣ್ಣದಲ್ಲಿ ಬರೆದು, ಹಳೆಯ ಕ್ಯಾಸೆಟ್ಟಿನ ಟೇಪಿನಿಂದ ಕೂದಲು ಮಾಡಿ, ಕೈಗೆ ತಮ್ಮ ತಾಯಿಯ ಬಿಳಿ ರೇಷ್ಮೆ ಕರವಸ್ತ್ರ ಹೊಲಿದಿದ್ದರು. ಆ ತಾಯಿ ಹಾಡು ಕೇಳುತ್ತ ಅದರಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಮರುದಿನ ಪ್ರದರ್ಶನ. ಅವರ ಮನೆಯ ನೆಲ ಕೀಳುತ್ತಿದ್ದುದರಿಂದ ಚಿತ್ರ ನಮ್ಮಲ್ಲಿಗೆ ಬಂತು.

ಬಂದದ್ದು ಆಯುಧಪೂಜೆಯ ದಿನ!

ಲ್ಯಾಪ್‌ಟಾಪು, ಸೈಕಲ್ಲು, ಕುಕ್ಕರು ಎಲ್ಲಕ್ಕೂ ಅರಿಸಿನ-ಕುಂಕುಮ ಹಚ್ಚುತ್ತ ಬಂದೆ. ರೂಮ್‌ಮೇಟ್ ಗಿರೀಶ ಹುಬ್ಬಳ್ಳಿಯವನು. "ಲೇ, ಅಷ್ಟು ದೊಡ್ಡ ಹಾಡುಗಾರ್ತಿ ಮನೀಗೆ ಬಂದಾಳ, ಆಕಿ ಹಣಿ ಖಾಲಿ ಇಡ್ತೀಯೇನು?" ಎಂದ.

ನ್ಯಾಯವಾದ ಮಾತು! ಕುಂಕುಮವಿಟ್ಟೆ. ಬೆರಳಿನಿಂದ ಅರಿಸಿನದ ಹನಿಯೊಂದು ಜಾರಿ ಕರವಸ್ತ್ರದ ಮೇಲೆ ಬಿತ್ತು.

"ಸೋಪ್ ಹಚ್ಚಲೇ!" ಎಂದು ಗಿರೀಶ ಕೂಗಿದ.

ಹಚ್ಚಿದೆ. ಹಳದಿ ಕಲೆ ಕೆಂಪಾಯಿತು! ಅರಿಸಿನಕ್ಕೆ ಸುಣ್ಣ ಬೆರೆಸಿ ಕೆಂಪಾರತಿ ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ; ಸೋಪೂ ಅದೇ ಕೆಲಸ ಮಾಡುತ್ತದೆಂಬ ಜ್ಞಾನೋದಯ ಅಂದೇ ಆಯಿತು. ಒದ್ದೆ ಆರಿಸಲು ಹೇರ್ ಡ್ರೈಯರ್ ಹಿಡಿದೆ. ಟೇಪಿನ ಕೂದಲೆಲ್ಲ ಒಗ್ಗರಣೆಗೆ ಬಿದ್ದ ಕರಿಬೇವಿನಂತೆ ಮುರುಟಿಕೊಂಡಿತು.

ಸಂಜೆ ಆಂಟಿ ಬಂದರು. ಚಿತ್ರಕ್ಕೆ ಬೆಡ್‌ಶೀಟ್ ಹೊದಿಸಿದ್ದೆ.

"ಆಂಟಿ, ತಪ್ಪಾಗೋಯ್ತು..." ದನಿ ನಡುಗಿತು.

ಅವರು ಬಿದ್ದು ಬಿದ್ದು ನಕ್ಕರು. "ಭೇಷ್! ಇದ್ಯಾರ ದನಿ? ನಿಮ್ಮ ಮ್ಯಾನೇಜರ್‌ದಾ?"

ಬೆಡ್‌ಶೀಟ್ ಸರಿಸಿದೆ. ನಗು ನಿಂತಿತು. ಆಂಟಿ ಕರವಸ್ತ್ರವನ್ನು ಬಹಳ ಹೊತ್ತು ಸವರಿದರು.

"ಅಮ್ಮ ಇದನ್ನ ನನಗೂ ಮುಟ್ಟೋಕೆ ಬಿಡ್ತಿರಲಿಲ್ಲ."

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಕ್ಷಮಿಸಿ ಆಂಟಿ. ಇದು ನಂದೇ ದನಿ."

"ಹೌದಾ? ಇದನ್ನ ಯಾವತ್ತೂ ಕೇಳೇ ಇರಲಿಲ್ಲ" ಎಂದು ಚಿತ್ರವನ್ನು ಎತ್ತಿಕೊಂಡು ಮೆಟ್ಟಿಲಿಳಿದರು.

ಪ್ರದರ್ಶನಕ್ಕೆ ಹೋದೆ. ಗೋಡೆಯ ಮೇಲೆ ಆಂಟಿಯ ಹೆಸರಿತ್ತು. ಅದರ ಪಕ್ಕ ಮೊಳೆಯೊಂದೇ ಇತ್ತು.

ಮನೆಗೆ ಬಂದು ಮುಖ ಇಳಿಬಿಟ್ಟುಕೊಂಡು ಕೂತೆ. ಗಿರೀಶ ಸಮಾಧಾನ ಹೇಳಿದ:

"ಬ್ಯಾಸರ ಮಾಡ್ಕೋಬ್ಯಾಡಲೇ. ನೀ ತೆಗಿಯೋ ದನಿಯೊಳಗ ನಿನ್ನ ಸ್ವಂತ ದನಿ ಒಂದ ಭಾಳ ವೀಕ್ ಐತಿ. ಪ್ರಾಕ್ಟೀಸ್ ಮಾಡು!"