ಸಡಿಲ ಬಿಡಬೇಕಾದ ಹಗ್ಗ

ಕೆಲವರಿಗೆ ಬೀಗ ಹಾಕಿದ ಮೇಲೂ ಎರಡು ಸಲ ಜಗ್ಗಿ ನೋಡುವ ಚಟ ಇರುತ್ತದೆ. ಕೆಲವರು ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸು ಬರುತ್ತಾರೆ. ನನ್ನ ಚಟ ಗಂಟು ಹಾಕುವುದು. ಹಗ್ಗದ ತುದಿಯೊಂದು ಸುಮ್ಮನೆ ಜೋತು ಬಿದ್ದಿದ್ದನ್ನು ಕಂಡರೆ ನನಗೆ ಸಮಾಧಾನವಿರುವುದಿಲ್ಲ. ಮದುವೆಗೆ ಹೋದರೆ ಗಂಡು ಹೆಣ್ಣಿಗಿಂತ ಮೊದಲು ಪೆಂಡಾಲಿನ ಹಗ್ಗ ನೋಡುತ್ತೇನೆ. ಒಮ್ಮೆ ಗಳಗನಾಥದ ಹೊಳೆಯ ದಂಡೆಯಲ್ಲಿ ಯಾರದೋ ಎಮ್ಮೆಯ ಹಗ್ಗ ಸಡಿಲವಾಗಿದೆ ಅನ್ನಿಸಿ ಗೂಟಕ್ಕೆ ಇನ್ನೊಂದು ಗಂಟು ಬಿಗಿದು ಬಂದೆ. ಸಂಜೆ ಎಮ್ಮೆಯ ಯಜಮಾನ ಕುಡುಗೋಲು ತಂದು ಹಗ್ಗ ಕೊಯ್ದು ಮನೆಗೆ ಹೊಡೆದುಕೊಂಡು ಹೋದನಂತೆ. ಇಷ್ಟಾಗಿದ್ದರೆ ಬರೆಯುವ ಕಾರಣವಿರಲಿಲ್ಲ. ಎಮ್ಮೆ ನನ್ನ ಒಡಹುಟ್ಟಿದ್ದಲ್ಲ.

ನಾನು ಐದನೆಯ ಇಯತ್ತೆಯವರೆಗೆ ಓದಿದವನು. ಮನೆ ಹಾವೇರಿಯಲ್ಲಿ, ಕೆಲಸ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ. ಲಾರಿಗೆ ಲೋಡು ಕಟ್ಟುತ್ತೇನೆ. ಚೀಲ ಹೊರುವವರು ಬೇರೆ, ಕಟ್ಟುವವರು ಬೇರೆ. ಬ್ಯಾಡಗಿ ಕಾಯಿ ಸುಕ್ಕು ಸುಕ್ಕಾಗಿ, ಹಗುರವಾಗಿರುತ್ತದೆ. ಆದ್ದರಿಂದ ಲೋಡು ಮನೆಯಷ್ಟು ಎತ್ತರ ಏಳುತ್ತದೆ. ಹೊರಡುವಾಗ ಬಿಗಿಯಾಗಿ ಕಂಡ ಹಗ್ಗ, ಚೀಲ ಅದುರಿ ಅದುರಿ ಕುಸಿದ ಹಾಗೆ, ಮೋಟೆಬೆನ್ನೂರು ದಾಟುವುದರೊಳಗೆ ಸಡಿಲಾಗುತ್ತದೆ. ಅದಕ್ಕೇ ಕೊನೆಯ ಜಗ್ಗು ಜಗ್ಗಿದ ಮೇಲೆ ಹಗ್ಗ ಹಿಂದಕ್ಕೆ ಸರಿಯದಂತೆ ಒಂದು ಸಣ್ಣ ಗಂಟು ಹಾಕುತ್ತೇವೆ. ಪೇಟೆಯಲ್ಲಿ ಅದನ್ನು ಬೀಗ ಎನ್ನುತ್ತೇವೆ. ಬೀಗ ಹಾಕದ ಲೋಡಿನ ಕೆಳಗೆ ನಾನು ನಿಲ್ಲುವುದಿಲ್ಲ. ನಾನು ಕಟ್ಟಿದ ಲೋಡಿನಿಂದ ಒಂದು ಚೀಲವೂ ರಸ್ತೆಗೆ ಬಿದ್ದಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಜಂಬಪಡುವ ಜಾಗ ಸಿಗುವುದಿಲ್ಲ.

ನನ್ನ ತಮ್ಮ ಮಂಜ ಗೋವಾದ ಕಡಲ ದಂಡೆಯಲ್ಲಿ ಕೆಲಸಕ್ಕಿದ್ದ. ಅಲ್ಲೊಬ್ಬರು ಬಂದವರಿಗೆ ಹಲಗೆಯ ಮೇಲೆ ನಿಂತು, ಹಾಯಿ ಹಿಡಿದು, ಗಾಳಿಗೆ ನೀರಿನ ಮೇಲೆ ಓಡುವುದನ್ನು ಕಲಿಸುತ್ತಾರೆ. ಮಂಜ ಹಾಯಿ ತೊಳೆಯುವವನಾಗಿ ಸೇರಿದ್ದ. ಮೂರು ವರ್ಷದಲ್ಲಿ ತಾನೂ ಓಡಿಸಲು ಕಲಿತ. ಕಲಿಸುವವನಾಗಬೇಕಾದರೆ ಪರೀಕ್ಷೆ ಪಾಸಾಗಬೇಕು. ಅದು ಮಳೆಗಾಲ ಮುಗಿದ ಮೇಲೆ, ದಸರೆಯ ಸುಮಾರಿಗೆ. ಪಾಸಾದರೆ ಕಲಿಸುವ ಮಾಸ್ತರ, ಇಲ್ಲವಾದರೆ ಹಾಯಿ ತೊಳೆಯುವ ಮಂಜ. ಮಳೆಗಾಲದಲ್ಲಿ ದಂಡೆ ಬಂದ್. ಹಾಗಾಗಿ ಮಾಲಕರು ಒಂದು ಹಳೆಯ ಹಲಗೆ, ತೇಪೆ ಹಾಕಿದ ಹಾಯಿ ಎರಡನ್ನೂ ಕೊಟ್ಟು, ಊರಲ್ಲಿ ರೂಢಿ ಮಾಡಿಕೋ, ಪರೀಕ್ಷೆಗೂ ಇದನ್ನೇ ನೀನೇ ಸಜ್ಜು ಮಾಡಿಕೊಂಡು ತಾ ಎಂದು ಕಳಿಸಿದ್ದರು. ನನ್ನ ಪರಿಚಯದ ಲಾರಿಯ ನೆತ್ತಿಯ ಮೇಲೆ ಅವು ಹಾವೇರಿಗೆ ಬಂದವು.

ಅವ್ವ ಅದನ್ನೆಲ್ಲ ನೋಡಿ, "ನೀರಾಗ ಅರಿವಿ ಹಿಡಕೊಂಡು ನಿಂದ್ರಾಕ ಪಗಾರ ಕೊಡ್ತಾರಂದ್ರ, ನಾ ಹೆಗ್ಗೇರಿ ಕೆರ್ಯಾಗ ಹುಟ್ಟಿದಾಗಿಂದ ನಿಂತೇನಿ. ನನಗ ಯಾರೂ ಕೊಡಲಿಲ್ಲ" ಎಂದಳು.

ಆ ವರ್ಷ ಹೆಗ್ಗೇರಿ ತುಂಬಿತ್ತು. ಆಷಾಢದ ಗಾಳಿಯಂತೂ ನಮ್ಮ ಕಡೆ ಮನೆಯ ತಗಡು ಹಾರಿಸುವಂಥದ್ದು. ಮಂಜ ಓಡಿಸುವುದನ್ನು ನೋಡಲು ದಂಡೆಯ ಮೇಲೆ ಜನ ಸೇರುತ್ತಿದ್ದರು. ಅವನಿಗೆ ಒಂದೇ ಕೊರತೆ. ಹಾಯಿಗೆ ಅಡ್ಡಲಾಗಿ ಒಂದು ಹಿಡಿಕೆ ಇರುತ್ತದೆ, ಎರಡು ಬಾಗಿದ ಪೈಪುಗಳನ್ನು ಎರಡೂ ತುದಿಯಲ್ಲಿ ಕೂಡಿಸಿದ್ದು. ಅದಕ್ಕೆ ಬೂಮ್ ಎನ್ನುತ್ತಾರೆ. ಹಾಯಿಯ ಹಿಂದಿನ ಮೂಲೆಯನ್ನು ಬೂಮಿನ ಹಿಂದಿನ ತುದಿಗೆ ಒಂದು ಹಗ್ಗದಿಂದ ಎಳೆದು ಕಟ್ಟಿರುತ್ತಾರೆ. ಗಾಳಿ ಜೋರಾದರೆ ಆ ಹಗ್ಗ ಜಗ್ಗಿ ಹಾಯಿಯನ್ನು ಚಪ್ಪಟೆ ಮಾಡಬೇಕು. ಗಾಳಿ ಕಡಿಮೆಯಾದರೆ ಹಗ್ಗ ಬಿಟ್ಟು ಹಾಯಿಗೆ ಹೊಟ್ಟೆ ಬರಿಸಬೇಕು. ಅವನ ಬೂಮಿನಲ್ಲಿ ಹಗ್ಗ ಹಿಂದಿನ ತುದಿಗೇ ಕಟ್ಟಿತ್ತು. ಬದಲಿಸಬೇಕಾದರೆ ದಂಡೆಗೆ ಬರಬೇಕು. ಅದನ್ನು ರಾಟೆಗಳ ಮೂಲಕ ಪೈಪಿನುದ್ದಕ್ಕೂ ಮುಂದೆ ತಂದು, ಹಗ್ಗ ಕಚ್ಚಿ ಹಿಡಿಯುವ ಹಲ್ಲಿನ ಕ್ಲಿಪ್ಪಿಗೆ ಸಿಕ್ಕಿಸಿದರೆ, ನೀರಿನ ಮೇಲೆ ನಿಂತಲ್ಲೇ ಜಗ್ಗಬಹುದು, ಬಿಡಬಹುದು.

"ಅಣ್ಣಾ, ಹಗ್ಗದ ಕೆಲಸ ನಿನ್ನ ಬಿಟ್ರ ಯಾರಿಗೆ ಬರ್ತೈತಿ" ಎಂದ. ಈ ಮಾತಿಗೆ ನಾನು ಒಂದು ದಿನದ ಕೆಲಸ ಬಿಟ್ಟು ಅವನೊಂದಿಗೆ ರಾಣೆಬೆನ್ನೂರಿಗೆ ಹೋದೆ.

ಅಲ್ಲಿ ನನಗೆ ಗೊತ್ತಿದ್ದ ಹಾರ್ಡ್‌ವೇರ್ ಅಂಗಡಿಯ ಸಾಬರು ಮೊದಲು ಬಾವಿಯ ರಾಟೆ ತೆಗೆದಿಟ್ಟರು. ಅದನ್ನು ಬೂಮಿಗೆ ಕಟ್ಟಿದರೆ ಮಂಜ ನೇರ ಕೆರೆಯ ತಳಕ್ಕೆ ಹೋಗುತ್ತಿದ್ದ.

"ಇದಕ್ಕಿಂತ ಸಣ್ಣದು ಬೇಕ್ರಿ" ಎಂದೆ.

"ಕಿಟಕಿ ಪರದೆಕ್ಕೇನ್ರಿ?"

"ಪರದೇನ ಅನ್ರಿ. ಆದ್ರ ಕೆರ್ಯಾಗ ಓಡ್ತೈತಿ."

ಸಾಬರು ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿ, ಶಾಲೆಯ ಧ್ವಜದ ಕಂಬಕ್ಕೆ ಹಾಕುವ ಎರಡು ಸಣ್ಣ ರಾಟೆ ಕೊಟ್ಟರು. "ಝಂಡಾ ಏರಿಸೋದೈತಿ ಇದು. ಗಾಳೀಗ ಅಂಜೂದಿಲ್ಲ, ಒಯ್ರಿ" ಎಂದರು. ಹಲ್ಲಿನ ಕ್ಲಿಪ್ಪನ್ನು ಮಂಜ ಗೋವಾದಿಂದಲೇ ತಂದಿದ್ದ. ಮರುದಿನ ಅಂಗಳದಲ್ಲಿ ಕೂತು ಒಂದು ರಾಟೆಯನ್ನು ಕೊಕ್ಕೆ ಹಾಕಿ ಹಾಯಿಯ ಮೂಲೆಗೆ, ಇನ್ನೊಂದನ್ನು ಬೂಮಿನ ತುದಿಗೆ ಕಟ್ಟಿದೆವು. ಹಗ್ಗ ಎರಡನ್ನೂ ಹಾದು ಮುಂದೆ ಬಂದು ಕ್ಲಿಪ್ಪಿಗೆ ಕಚ್ಚಿಕೊಂಡಿತು. ಉಳಿದ ತುದಿ ಮೊಳದುದ್ದ ಕೆಳಗೆ ಜೋತಾಡಿತು.

"ಇದಕ್ಕೊಂದು ಬೀಗ ಹಾಕ್ಲಿ?" ಎಂದೆ.

"ಬ್ಯಾಡೋ ಮಾರಾಯಾ. ಬೀಗ ಹಾಕಿದ್ರ ಬಿಡೂದು ಹೆಂಗ? ಜಗ್ಗೂದಷ್ಟ ಅಲ್ಲಣ್ಣ, ಬಿಡೂದೂ ಕೆಲಸನ."

ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಹಗ್ಗದ ವಿಷಯದಲ್ಲಿ ನನಗೆ ಅಲ್ಲಿಯವರೆಗೆ ಯಾರೂ ಬುದ್ಧಿ ಹೇಳಿರಲಿಲ್ಲ. ನಾನು ಕಟ್ಟಿದ ಜೋಲಿಯಲ್ಲಿ ಮಲಗಿ ಬೆಳೆದವನಂತೂ ಹೇಳಿರಲಿಲ್ಲ.

ಹೊರಡುವ ದಿನ ಬೂಮನ್ನು ಮೆಣಸಿನಕಾಯಿ ಚೀಲದಲ್ಲಿ ಸುತ್ತಿ ಹೊಲಿಯುವ ಕೆಲಸ ನನ್ನದು. ಮಂಜ ಅವ್ವನ ಕಾಲಿಗೆ ಬೀಳಲು ಒಳಗೆ ಹೋದ. ಹಗ್ಗದ ತುದಿ ಜೋತಾಡುತ್ತಿತ್ತು. ನಾನು ಹಗ್ಗವನ್ನು ಆಷಾಢದ ಗಾಳಿಗೆ ತಕ್ಕಂತೆ ಬಿಗಿಯಾಗಿ ಜಗ್ಗಿ, ಕ್ಲಿಪ್ಪಿನ ಮಗ್ಗುಲಲ್ಲೇ ಪೈಪಿಗೆ ಸೇರಿಸಿ ಬೀಗ ಹಾಕಿದೆ. ಗಂಟು ಕೈಗೆ ಒತ್ತಬಾರದು ಎಂದು ಅದರ ಮೇಲೆ ಸೈಕಲ್ ಟ್ಯೂಬಿನ ತುಂಡೊಂದನ್ನು ಅಚ್ಚುಕಟ್ಟಾಗಿ ಸುತ್ತಿದೆ. ಕೈಗೆ ಒತ್ತಬಾರದು ಎಂದು ಬರೆದೆ. ಕಣ್ಣಿಗೆ ಕಾಣಬಾರದು ಎಂದೂ ಸುತ್ತಿದ್ದೆ.

ನಾಲ್ಕನೆಯ ದಿನ ಮಂಜ ಹಾಯಿ, ಬೂಮಿನ ಸಮೇತ ವಾಪಸು ಬಂದ. ಆಗಿದ್ದಿಷ್ಟು. ಚೀಲ ಬಿಚ್ಚಿದ ಕೂಡಲೇ ಹಳೆಯ ಮೆಣಸಿನಕಾಯಿ ಘಾಟಿಗೆ ಪರೀಕ್ಷೆ ಮಾಡುವವರು ಸೀನಿದ್ದಾರೆ. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಟ್ಯೂಬು ನೋಡಿ ಮಂಜ, ಅಣ್ಣ ಹಿಡಿಕೆ ಮೆತ್ತಗೆ ಮಾಡಿದ್ದಾನೆ ಎಂದುಕೊಂಡ. ಕಡಲಲ್ಲಿ ತೇಲಿಬಿಟ್ಟ ಮೂರು ಡಬ್ಬಿ ಸುತ್ತಿ ಬರಬೇಕಿತ್ತು. ಎರಡನೆಯ ಡಬ್ಬಿಯ ಹತ್ತಿರ ಗಾಳಿ ಬಿದ್ದುಹೋಯಿತು. ಹಾಯಿಗೆ ಹೊಟ್ಟೆ ಬರಿಸೋಣವೆಂದು ಕ್ಲಿಪ್ಪಿನಿಂದ ಹಗ್ಗ ಎತ್ತಿದ್ದಾನೆ, ಅದು ಬಿಡಲಿಲ್ಲ. ಮತ್ತೆ ಎತ್ತಿದ್ದಾನೆ, ಬಿಡಲಿಲ್ಲ. ಮೂರನೆಯ ಸಲ ಜೋರಾಗಿ ಝಾಡಿಸಿ ತಾನೇ ಬಿದ್ದಿದ್ದಾನೆ. ಪರೀಕ್ಷೆ ಮಾಡುವವರು ಬಲಗೈಯಲ್ಲಿ ಕಸುವಿಲ್ಲ ಎಂದು ಬರೆದು, ಸಂಕ್ರಾಂತಿ ಆದ ಮೇಲೆ ಇನ್ನೊಂದು ಸಲ ಬಾ ಎಂದರಂತೆ. ಅಲ್ಲಿಯವರೆಗೆ ಮಾಲಕರು ರಜೆ ಕೊಟ್ಟಿದ್ದರು. ನಾಚಿಕೆಗೆ ಬೂಮನ್ನು ಹಾಗೆಯೇ ಚೀಲದಲ್ಲಿ ತುರುಕಿಕೊಂಡು ಬಂದಿದ್ದ.

"ಹಲ್ಲು ಹಿಡದಿತ್ತಣ್ಣ. ನನ್ನ ಕೈಯಾಗ ಬಿಡಿಸಾಕ ಆಗಲಿಲ್ಲ" ಎಂದು ಬಲಗೈಯನ್ನು ತಿರುಗಿಸಿ ನೋಡಿಕೊಂಡ.

ಆಗಲೇ ಹೇಳಬೇಕಿತ್ತು. ಉಂಡ ಮೇಲೆ ಹೇಳೋಣ ಎಂದುಕೊಂಡೆ. ಉಂಡ ಮೇಲೆ ಅವನು ಮಲಗಿದ್ದ. ಮರುದಿನ ಬೆಳಿಗ್ಗೆ ನಾನು ಏಳುವುದರೊಳಗೆ ಅವನು ಓಣಿಯ ಕೊನೆಯ ಹ್ಯಾಂಡ್ ಪಂಪಿನಲ್ಲಿ ಬಲಗೈಯೊಂದರಿಂದಲೇ ನೀರು ಹೊಡೆಯುತ್ತಿದ್ದ. ಕೈಗೆ ಕಸುವು ಬರಲಿ ಎಂದು. ನಮ್ಮ ಮನೆಯ ಹತ್ತು ಕೊಡ ತುಂಬಿ, ಆಚೀಚಿನ ಮನೆಗಳಿಗೂ ತುಂಬಿಕೊಟ್ಟ. ಇಲ್ಲಿ ಇನ್ನೊಂದು ಸಂಗತಿ ಹೇಳದಿದ್ದರೆ ತಪ್ಪೊಪ್ಪಿಗೆ ಅರ್ಧವಾಗುತ್ತದೆ. ನಮ್ಮ ಮನೆಗೆ ನೀರು ತರುವ ಕೆಲಸ ಅಲ್ಲಿಯವರೆಗೆ ನನ್ನದಾಗಿತ್ತು.

ಹೀಗೆ ಮೂರು ತಿಂಗಳು ನಡೆಯಿತು. ನಾನು ಬಿಸಿಲೇರುವವರೆಗೆ ಮಲಗಿದೆ. ಬೂಮು ಗೋಡೆಯ ಗೂಟದ ಮೇಲೆ ತೂಗಿತು, ಅವ್ವ ಅದರ ಮೇಲೆ ಸೀರೆ ಒಣಗಿಸಿದಳು. "ನಾಪಾಸಾಗಿ ಬಂದದ್ದು ಮನಿಗೆ ಚಲೋ ಆತು ನೋಡು" ಎಂದಳು. ನನಗೆ ಹಾಗೆನ್ನಲಾಗಲಿಲ್ಲ, ಆದರೆ ಅಲ್ಲಗಳೆಯಲೂ ಆಗಲಿಲ್ಲ.

ಸಂಕ್ರಾಂತಿ ಹತ್ತಿರ ಬಂದಾಗ ಭಯ ಹತ್ತಿತು. ಅದೇ ಬೂಮು ತೆಗೆದುಕೊಂಡು ಹೋಗಿ ಅವನು ಮತ್ತೆ ಬೀಳುತ್ತಾನೆ. ಅವನು ಪಂಪಿಗೆ ಹೋದ ಹೊತ್ತಿನಲ್ಲಿ ಸೀರೆ ಸರಿಸಿ, ಟ್ಯೂಬು ಬಿಚ್ಚಿ, ಗಂಟು ಬಿಚ್ಚಲು ಕೂತೆ. ಗುಟ್ಟಾಗಿ ಬಿಚ್ಚಿಬಿಟ್ಟರೆ ಹೇಳುವ ಪ್ರಸಂಗವೇ ಬರುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಉಪ್ಪುನೀರು ಕುಡಿದು, ಮೂರು ಸಲ ಝಾಡಿಸಿಕೊಂಡು, ಒಣಗಿದ ಗಂಟು ಕಲ್ಲಾಗಿತ್ತು. ಉಗುರಿಗೆ ಬಗ್ಗಲಿಲ್ಲ. ಚೀಲ ಹೊಲಿಯುವ ದಬ್ಬಣ ಹಾಕಿದೆ, ದಬ್ಬಣ ಬಾಗಿತು. ಕೊನೆಗೆ ಬಾಯಿ ಹಾಕಿದೆ. ಆಗ ಮಂಜ ಎರಡು ಕೊಡ ಹಿಡಿದು ಒಳಗೆ ಬಂದ.

"ಅಣ್ಣಾ, ಏನ್ ತಿನ್ನಾಕತ್ತೀ?"

ಹಗ್ಗ ಬಾಯಿಂದ ತೆಗೆದೆ. "ಗಂಟು ಐತಿ."

ಅವನು ಕೊಡ ಇಳಿಸಿ, ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿದ. ನಮ್ಮ ಮನೆಯ ಹೊರಸು, ಜೋಲಿ, ಹಿಟ್ಟಿನ ಡಬ್ಬಿ ಎಲ್ಲದರ ಮೇಲೂ ಇರುವ ಗಂಟದು. ಯಾರು ಹಾಕಿದರು ಎಂದು ಕೇಳಲಿಲ್ಲ.

"ಯಾವಾಗ ಹಾಕಿದಿ?"

"ನೀ ಅವ್ವನ ಕಾಲಿಗೆ ಬೀಳಾಕ ಹೋದಾಗ."

"ಬ್ಯಾಡ ಅಂದಿದ್ದೆ."

"ಅಂದಿದ್ದಿ."

"ಮೂರು ತಿಂಗಳು ಓಣಿಗೆಲ್ಲ ನೀರು ಹೊಡದೇನಿ. ನೋಡಕೋಂತ ಸುಮ್ನ ಹೆಂಗ ಇದ್ದಿ?"

ಸುಳ್ಳು ಹುಡುಕಿದೆ. ಸಿಗಲಿಲ್ಲ. "ನೀರು ಬರಾಕತ್ತಿತ್ತು" ಎಂದೆ.

ಅವನು ಬೈದಿದ್ದರೆ ಚೆನ್ನಾಗಿತ್ತು. ತನ್ನ ಬಲಗೈಯನ್ನು ಮತ್ತೊಮ್ಮೆ ತಿರುಗಿಸಿ ನೋಡಿಕೊಂಡು, ತುಂಬಿದ ಎರಡೂ ಕೊಡಗಳನ್ನು ಎತ್ತಿ ಅಂಗಳದ ಕರಿಬೇವಿನ ಗಿಡಕ್ಕೆ ಸುರಿದು, ಖಾಲಿ ಕೊಡಗಳನ್ನು ನನ್ನ ಮುಂದಿಟ್ಟು ಹೊರಗೆ ಹೋದ. ಕೊಡಗಳು ಏನು ಹೇಳುತ್ತಿವೆ ಎಂದು ನನಗೆ ತಿಳಿಯಿತು. ಅಂದಿನಿಂದ ನೀರು ಮತ್ತೆ ನನ್ನದಾಯಿತು, ಆಚೀಚಿನ ಮನೆಗಳದ್ದೂ ಸೇರಿ. ಅವರಿಗೆ ರೂಢಿಯಾಗಿಬಿಟ್ಟಿತ್ತು.

ಹೊಸ ಹಗ್ಗವನ್ನು ಮಂಜ ಒಬ್ಬನೇ ಹೋಗಿ ತಂದ, ಒಬ್ಬನೇ ಪೋಣಿಸಿದ. ಹಾಯಿ ಕಟ್ಟಿ ನಾನು ನೋಡುವಂತೆ ಹತ್ತು ಸಲ ಜಗ್ಗಿದ, ಹತ್ತು ಸಲ ಬಿಟ್ಟ. ಚೀಲವನ್ನೂ ತಾನೇ ಸುತ್ತಿ ಹಗ್ಗ ಕಟ್ಟಿದ. "ನೀ ದೂರ ಕುಂದ್ರು" ಎಂದ. ಕೂತೆ. ಅವನು ಹೊರಟ ನಾಲ್ಕು ದಿನಕ್ಕೆ ಎದುರಿನ ಮನೆಗೆ ಫೋನು ಬಂತು.

"ಪಾಸಾದೆ ಅಣ್ಣಾ."

"ಹಗ್ಗ ಸಡ್ಲ ಬಂತೇನ?" ಎಂದೆ.

"ಬೂಮಿನ ಹಗ್ಗ ಬೆಣ್ಣಿ ಬಂದಂಗ ಬಂತು. ಆದ್ರ ಚೀಲದ ಹಗ್ಗ ಬಿಚ್ಚಾಕ ಬರಲಿಲ್ಲ. ಚಾಕು ತಂದು ಕೊಯ್ದಿವಿ. ಹೆಸರು ಕರಿಯೂದರೊಳಗ ಹಾಯಿ ಕಟ್ಟಿ ಮುಗಿಸೂದು ಜೀವಕ್ಕ ಬಂದಿತ್ತು. ನಾ ಅಷ್ಟು ಬಿಗಿ ಕಟ್ಟಿರಲಿಲ್ಲ. ಯಾರು ಕಟ್ಟಿದ್ರದನ್ನ?"

ಅವನು ಅವ್ವನ ಕಾಲಿಗೆ ಬೀಳಲು ಒಳಗೆ ಹೋಗಿದ್ದಾಗ ಚೀಲದ ಹಗ್ಗದ ತುದಿ ಸುಮ್ಮನೆ ಜೋತಾಡುತ್ತಿತ್ತು.

"ಅವ್ವ ಕಟ್ಟಿರಬೇಕು" ಎಂದೆ.