ಕೇಕು ಕಾಣದ ಓವನ್

ನಮ್ಮ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಸೂರ್ಯನ ಮೇಲೆ ನಂಬಿಕೆಯಿಲ್ಲ! ಹುಬ್ಬಳ್ಳಿಯ ಬಿಸಿಲಿಗೆ ಕಾಗೆಯೂ ನೆರಳು ಹುಡುಕುತ್ತದೆ. ಇವರು ಮಾತ್ರ ಏನನ್ನೂ ಒಣಗಿಸಲು ಮಾಳಿಗೆ ಹತ್ತುವುದಿಲ್ಲ.

"ಬಿಸಿಲಿನ ಸಂಗಾಟ ಧೂಳಾನೂ ಬರ್ತದ, ಮಂಗ್ಯಾನೂ ಬರ್ತಾವ. ನನ್ನ ಓವನ್ನಿನಾಗ ಬರೇ ಬಿಸಿಲು!"

ಕಾಕಾನ ಗೋಪನಕೊಪ್ಪದ ಮನೆಗೆ ಆ ಓವನ್ ಬಂದದ್ದು ಕೇಕಿಗಾಗಿ, ಅವರ ಮಗಳು ಕೊಡಿಸಿದ್ದು. ಅವರ ಹೆಂಡತಿ, ನಮ್ಮ ಕಾಕು, ಹಿಟ್ಟು ಕಲಸಿ ತಂದರೆ, ಒಳಗೆ ಹಾಗಲಕಾಯಿ ಬಿಲ್ಲೆಗಳು ಸಾಲಾಗಿ ಮಲಗಿದ್ದವು. ತೇವ ಹೊರಹೋಗಲೆಂದು ಓವನ್ನಿನ ಬಾಗಿಲಿಗೆ ಸೌಟು ಸಿಕ್ಕಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು ಕಾಕಾ ಕಾವಲು ಕೂತಿದ್ದರು.

"ಯಾವಾಗ ಮುಗೀತದರೀ ಇದು?"

"ಸಣ್ಣ ಉರಿ ಅದ. ಸಂಜಿಗೆ ನೋಡೂಣು."

ಸಂಜೆಗೆ ಆ ಕೇಕು ಸಿಹಿ ದೋಸೆಯಾಗಿ ತಟ್ಟೆಗೆ ಬಂತು!

ಅಲ್ಲಿಂದ ಮುಂದೆ ಮೆಂತ್ಯ ಸೊಪ್ಪು, ಟೊಮೆಟೊ, ಅಂಜೂರ... ಸಂತೆಯಲ್ಲಿ ಯಾವುದು ಅಗ್ಗವೋ ಅದಕ್ಕೆ ಓವನವಾಸ! ಒಮ್ಮೆ ಬೀಗರು ಹೇಳದೆ ಕೇಳದೆ ಬಂದರು. ಫ್ರೀಜರಿನಲ್ಲಿದ್ದ ಹೋಳಿಗೆಯ ಹೂರಣ ಕಲ್ಲಾಗಿತ್ತು. "ಲಗೂ ಕರಗಿಸಿ ಕೊಡ್ತೇನಿ ತಡಿ," ಎಂದು ಕಾಕಾ ಅದನ್ನು ಪ್ಲಾಸ್ಟಿಕ್ ಡಬ್ಬಿ ಸಮೇತ ಓವನ್ನಿನೊಳಗಿಟ್ಟು ಉರಿ ಏರಿಸಿದರು. ಕರಗಿದ್ದು ಡಬ್ಬಿ! ಹೂರಣ ಜಗ್ಗಲಿಲ್ಲ. ಬೀಗರು ಬರೀ ಚಹಾ ಕುಡಿದು, ಮೂಗು ಮುಚ್ಚಿಕೊಂಡು ಎದ್ದರು.

ನಾವೆಲ್ಲ ನಕ್ಕೆವು. ಇಷ್ಟೊಂದು ಯಾಕೆ ಕೂಡಿಡುತ್ತಾರೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ನಾನು ಬಸುರಿಯಾದ ಚಳಿಗಾಲದಲ್ಲಿ, ಏನು ತಿಂದರೂ ವಾಂತಿ. ಜೀವ ಬೇಡುತ್ತಿದ್ದದ್ದು ಮಾವಿನಹಣ್ಣೊಂದನ್ನೇ. ಡಿಸೆಂಬರಿನಲ್ಲಿ ಎಲ್ಲಿಂದ ತರುವುದು? ಫೋನಿನಲ್ಲಿ ಕಾಕೂನ ಮುಂದೆ ಸುಮ್ಮನೆ ಅಂದಿದ್ದೆ, ಅಷ್ಟೇ. ಮರುದಿನ ಬೆಳಿಗ್ಗೆ ಕಾಕಾ ಬಸ್ಸು ಹಿಡಿದು ಧಾರವಾಡದ ನಮ್ಮ ಮನೆಗೆ ಬಂದರು. ಕೈಯಲ್ಲಿದ್ದ ಡಬ್ಬಿಯ ತುಂಬ, ಬೇಸಿಗೆಯಲ್ಲಿ ಒಣಗಿಸಿಟ್ಟ ಆಪೂಸು ಮಾವಿನ ಹೋಳುಗಳು. ಒಂದನ್ನು ಬಾಯಿಗಿಟ್ಟೆ. ರುಚಿ ನಿಧಾನವಾಗಿ ಬಿಟ್ಟುಕೊಂಡಿತು. ಹೊಟ್ಟೆಯಲ್ಲಿ ನಿಂತಿತು ಕೂಡ.

"ನಿಮ್ಮ ಕಾಕೂಗೂ ಹಿಂಗ ಆಗಿತ್ತವಾ," ಎಂದರು ಕಾಕಾ, ಕಿಟಕಿಯಾಚೆ ನೋಡುತ್ತ. "ಮಗಳು ಹೊಟ್ಟ್ಯಾಗಿದ್ಲು. ಇಂಥಾದ್ದ ಥಂಡಿ. ಊರೆಲ್ಲಾ ತಿರುಗಿದ್ನಿ, ಒಂದ ಹಣ್ಣು ಸಿಗಲಿಲ್ಲ. ಆಕಿ ಏನೂ ಅನಲಿಲ್ಲ. ಬೈದಿದ್ರರ ಛಲೋ ಇತ್ತು."

ಅಷ್ಟರಲ್ಲಿ ಕಾಕೂನ ಫೋನು. "ತಿಂದೀಯೇನವಾ? ಹೊಟ್ಟ್ಯಾಗ ನಿಂತಿತೇನು?"

"ನಿಂತಿತು ಕಾಕು."



"ಹಂಗಾರ ನನ್ನ ಬಯಕಿನೂ ತೀರ್ತು ಬಿಡವಾ," ಎಂದರು ಕಾಕು.